ನೀರಿನಡಿಯ ನೀಲಿ ಬೆಳಕು

ಮಂಡ್ಯದ ಗುತ್ತಲಿನ ರೈತ ಕಬ್ಬಿನ ಗಾಡಿ ತೂಗಿಸುವಾಗ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳುವುದಿಲ್ಲ. ಕಬ್ಬನ್ನಾದರೆ ತೂಗಬಹುದು; ಪರಮಾಣು ಸ್ಥಾವರದಲ್ಲಿ ಉರಿದು ಮುಗಿದ ಯುರೇನಿಯಂ ಕಡ್ಡಿಗಳ ಬಳಿ ಸುಳಿದರೆ ಪ್ರಾಣಕ್ಕೇ ಸಂಚಕಾರ. ಆದರೂ ಲೆಕ್ಕ ಬೇಕು. ಅವುಗಳಲ್ಲಿ ಹುಟ್ಟಿದ ಪ್ಲುಟೋನಿಯಂ 8 ಕಿಲೋಗ್ರಾಂ ಕೈತಪ್ಪಿದರೂ ಒಂದು ಬಾಂಬಿಗೆ ಸಾಕಾಗಬಹುದೆಂಬುದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಗಣನೆ.

ಕಡ್ಡಿಗಳನ್ನು ಮುಳುಗಿಸಿಟ್ಟ ಆಳವಾದ ಕೊಳದ ಮೇಲೆ ನಿಂತು ಪರೀಕ್ಷಕರು ಉಪಕರಣದಿಂದ ನೇರ ಕೆಳಕ್ಕೆ ನೋಡುತ್ತಾರೆ. ನಿಜವಾದ ಕಡ್ಡಿಯ ಸುತ್ತ ನೀರು ನೀಲಿಯಾಗಿ ಬೆಳಗುತ್ತದೆ. ಅದೇ ಚೆರೆಂಕೋವ್ ಬೆಳಕು. ಹುಸಿ ಕಡ್ಡಿಗೆ ಸ್ವಂತ ಬೆಳಕಿಲ್ಲ. ವರ್ಷಗಳುರುಳಿದಂತೆ ಹೊಳಪು ಕುಂದುವುದರಿಂದ ಮೊಹರು, ಕ್ಯಾಮೆರಾಗಳ ಕಾವಲೂ ಉಂಟು.

2009ರ ಒಪ್ಪಂದದಂತೆ ರಾವತ್‌ಭಾಟಾ ಮುಂತಾದ ಸ್ಥಾವರಗಳು ಈ ತಪಾಸಣೆಗೆ ಒಳಪಟ್ಟವು. ನಮ್ಮ ಕೈಗಾದ ನಾಲ್ಕು ಘಟಕಗಳು ಆ ಪಟ್ಟಿಯಲ್ಲಿಲ್ಲ. ಅಲ್ಲಿ ಮುಳ್ಳು ನೋಡುವವರು ನಮ್ಮವರೇ. ಅವರ ಪ್ರಾಮಾಣಿಕತೆಯೇ ನಮಗೆ ಮೊಹರು.