ಬಡವನ ಮೋಟಾರು, ಶ್ರೀಮಂತರ ಮಡಿ

ಹಳೆಯ ಫ್ರೆಂಚ್ ಮೋಟಾರುಗಳ ಪುಟ್ಟ ಪ್ರತಿಕೃತಿಗಳನ್ನು ಕೂಡಿಸುವ ಹವ್ಯಾಸಿಗಳಲ್ಲಿ ವಿಚಿತ್ರವಾದೊಂದು ಮಡಿವಂತಿಕೆ ಬೆಳೆದಿದೆ. ಪೆಟ್ಟಿಗೆಯಿಂದ ಹೊರತೆಗೆಯದ ಪ್ರತಿಕೃತಿಗೇ ಅಗ್ರಪೂಜೆ. ಬಣ್ಣ ಸವೆದುದಕ್ಕೆ ಪಂಕ್ತಿಯಲ್ಲಿ ಎಡೆಯಿಲ್ಲ. ಈ ಅಭಿರುಚಿಯನ್ನು ನಾನು ಒಪ್ಪಲಾರೆ.

ಸಿಟ್ರೊಯೆನ್ ಸಂಸ್ಥೆಯ ‘೨ಸಿವಿ’ಯನ್ನೇ ನೋಡಿ. ೧೯೪೮ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರೆದುರು ಬಂದ ಈ ವಾಹನ ಹುಟ್ಟಿದ್ದೇ ರೈತನಿಗಾಗಿ. ಇಬ್ಬರು ಬೇಸಾಯಗಾರರನ್ನೂ ೫೦ ಕಿಲೋ ಆಲೂಗೆಡ್ಡೆಯನ್ನೂ ಅದು ಹೊರಬೇಕು. ಉತ್ತ ಹೊಲದಲ್ಲಿ ಹಾಯ್ದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ಸಂಸ್ಥೆಯ ಮುಖ್ಯಸ್ಥ ಬುಲಾಂಜೆ ವಿಧಿಸಿದ ನಿಯಮವಿದೆಂದು ಪ್ರಸಿದ್ಧಿ. ೧೯೯೦ರಲ್ಲಿ ಪೋರ್ಚುಗಲಿನಲ್ಲಿ ಕೊನೆಯದು ಹೊರಬೀಳುವವರೆಗೂ ದುಡಿದೇ ಸವೆದ ಕುಲವದು. ೧:೪೩ರ ಪ್ರಮಾಣದಲ್ಲಿ ಒಂಬತ್ತು ಸೆಂಟಿಮೀಟರೂ ಇರದ ಅದರ ಪ್ರತಿಕೃತಿಗೆ ಮಾತ್ರ ಧೂಳು ಸೋಕಬಾರದೆ?

ಮಡಿಯೂ ನಿಲ್ಲುವುದಿಲ್ಲವೆನ್ನಿ. ಲಿಯೋನಿನ ನೆರೆಯ ನೋರೆವ್ ಸಂಸ್ಥೆ (ವೆರೋನ್ ಎಂಬ ಮನೆತನದ ಹೆಸರನ್ನು ಹಿಂದುಮುಂದಾಗಿಸಿದ್ದು, ನಮ್ಮ ಚಿತ್ರಕವಿಗಳು ಮೆಚ್ಚುತ್ತಿದ್ದರು) ೧೯೫೦ರ ದಶಕದಲ್ಲಿ ಮಕ್ಕಳಿಗಾಗಿ ಪ್ಲಾಸ್ಟಿಕ್ಕಿನಲ್ಲಿ ಎರೆದ ಮೋಟಾರುಗಳು ಪೆಟ್ಟಿಗೆಯೊಳಗಿದ್ದೂ ಡೊಂಕಾಗಿವೆ.

ಹಾಗಾದರೆ ರಕ್ಷಣೆಯೇ ಬೇಡವೆ ಎನ್ನುವಿರಿ. ಬೇಕು. ಆದರೆ ಕೈಯ ಜಿಡ್ಡು ಹತ್ತಿದ ಓಲೆಗರಿಯನ್ನು ನಾವು ಹಳಿಯುವುದಿಲ್ಲವಷ್ಟೆ. ಯಾವನೋ ಬಾಲಕ ನೆಲದ ಮೇಲೋಡಿಸಿ ಚಕ್ರ ಸವೆಸಿದ ೨ಸಿವಿಯೇ ಮೂಲಕ್ಕೆ ಹೆಚ್ಚು ನಿಷ್ಠವಾದುದು. ನನ್ನ ಮೇಜಿನ ಮೇಲಿರುವುದಕ್ಕೆ ಒಂದು ದೀಪವಿಲ್ಲ. ಬೂದುಬಣ್ಣ ಅಂಚುಗಳಲ್ಲಿ ಅಳಿಸಿದೆ. ಹೊಸ ಬಣ್ಣ ಬಳಿಸೆಂದು ಮಿತ್ರರು ಹೇಳುತ್ತಲೇ ಇದ್ದಾರೆ, ನಾನು ಬಳಿಸಿಲ್ಲ.