ಮಕ್ಕಳನ್ನು ಬಿಟ್ಟು ಹೋಗು ಎಂದವರಲ್ಲಿ ನಾನೂ ಒಬ್ಬ



ಕೆಲವು ವರ್ಷಗಳ ಹಿಂದಿನ ಮಾತು. ಮಠವೊಂದರಲ್ಲಿ ಅಮಾವಾಸ್ಯೆಯ ಶಿವಾನುಭವ ಮುಗಿದ ಮೇಲೆ ಹಿರಿಯರು ಕುಳಿತು ಭಕ್ತರ ಮನೆಯ ವ್ಯಾಜ್ಯಗಳನ್ನು ಬಗೆಹರಿಸುವ ರೂಢಿ ಇತ್ತು. ಆ ಐದು ಮಂದಿಯಲ್ಲಿ ನಾನೂ ಒಬ್ಬ. ಅಂದು ಒಬ್ಬ ತಾಯಿ ಎರಡು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಗಂಡನ ಹೊಡೆತ ತಾಳಲಾರದೆ ಎರಡು ತಿಂಗಳಿಂದ ತವರಿನಲ್ಲಿದ್ದಳು. ಮುಖದ ಮೇಲಿನ ಗಾಯ ಮಾಸಿತ್ತು. ಮೊಣಕೈ ಮಾತ್ರ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ.

ಗಂಡನ ಕಡೆಯವರು ಹೆಚ್ಚು ವಾದಿಸಲಿಲ್ಲ. "ಆಕೆ ಬರದಿದ್ದರೆ ಬೇಡ, ನಮ್ಮ ಮನೆತನದ ಕುಡಿಗಳನ್ನು ನಮಗೆ ಕೊಟ್ಟು ಹೋಗಲಿ" ಎಂದರು. ನಾವು ಒಳಗೆ ಹೋಗಿ ಮಾತಾಡಿಕೊಂಡು, ಚಹಾ ಕುಡಿದು, ಹೊರಗೆ ಬಂದು ನಿರ್ಣಯ ಹೇಳಿದೆವು. ಗಂಡನಿಗೆ ಬುದ್ಧಿ ಹೇಳಿದ್ದೇವೆ, ಹೊಂದಿಕೊಂಡು ಬಾಳು. ಆಗದಿದ್ದರೆ ಮಕ್ಕಳನ್ನು ಬಿಟ್ಟು ಹೋಗು. ಆಕೆ ಒಂದು ಮಾತೂ ಆಡಲಿಲ್ಲ. ಮಗನನ್ನು ಎತ್ತಿಕೊಂಡು, ಮಗಳ ಕೈ ಹಿಡಿದು, ಗಂಡನ ಮನೆಯವರು ತಂದಿದ್ದ ಗಾಡಿ ಹತ್ತಿದಳು. ಒಂದು ಸಂಸಾರ ಉಳಿಸಿದೆವೆಂದು ನಾವು ಸಮಾಧಾನಪಟ್ಟೆವು.

ಕಳೆದ ಜಾತ್ರೆಯಲ್ಲಿ ದಾಸೋಹದ ಸಾಲಿನಲ್ಲಿ ಆಕೆ ಸಿಕ್ಕಳು. ಬಲಗೈಯ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಇದೇನಮ್ಮಾ ಎಂದೆ. "ನೀವು ಮಕ್ಕಳ್ನ ಬಿಡು ಅಂದ್ರಿ. ಅವರ ಸಲುವಾಗಿ ಹೊಳ್ಳಿ ಹೋದೆರಿ, ಅಣ್ಣಾರ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ನಾವು ಕೊಟ್ಟದ್ದು ನ್ಯಾಯವೋ, ಬೆದರಿಕೆಯೋ? ಹೊಡೆಯುವ ಗಂಡನ ಮನೆಯಿಂದ ಹೊರಬರಲು ಹೆಣ್ಣಿಗೆ ಅಡ್ಡವಾಗುವುದು ಬರೀ ಬಡತನವಲ್ಲ, ಬರೀ ಜನರ ಮಾತೂ ಅಲ್ಲ. ಮಕ್ಕಳು ಕೈತಪ್ಪುತ್ತಾರೆಂಬ ಭಯವೇ ಎಲ್ಲಕ್ಕಿಂತ ದೊಡ್ಡದು. ಹೊಡೆಯುವವನಿಗೆ ಅದು ಚೆನ್ನಾಗಿ ಗೊತ್ತು. ಆ ಭಯವನ್ನೇ ಹಗ್ಗ ಮಾಡಿ ನಾವು ಆಕೆಯನ್ನು ಮತ್ತೆ ಅದೇ ಮನೆಗೆ ಕಟ್ಟಿಹಾಕಿದೆವು.

ನಾಚಿಕೆಯ ಸಂಗತಿಯೆಂದರೆ, ನಾವು ಹೇಳಿದ್ದಕ್ಕೆ ಕಾನೂನಿನ ಆಧಾರವೂ ಇರಲಿಲ್ಲ. ತಿಳಿದವರಿಂದ ಕೇಳಿ, ಓದಿ ಅರಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಂಚಾಯಿತಿಯಲ್ಲಿ ಕೂರುವ ಹಿರಿಯರು ದಯವಿಟ್ಟು ಗಮನಿಸಬೇಕು.

ಲಿಂಗಾಯತ ಧರ್ಮದ ಮಾನ್ಯತೆಯ ಹೋರಾಟ ಬೇರೆ ಮಾತು. ಇಂದು ನಮ್ಮ ಮಕ್ಕಳ ಪಾಲಕತ್ವಕ್ಕೆ ಅನ್ವಯಿಸುವುದು 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆ. ಅದರ 3ನೇ ಕಲಂ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳುತ್ತದೆ. 6ನೇ ಕಲಂ ಪ್ರಕಾರ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು. ಅಂದು ಮೂರು ವರ್ಷದ ಮಗನನ್ನು ಬಿಟ್ಟು ಹೋಗು ಎಂದ ನಮಗೆ ಇಷ್ಟೂ ತಿಳಿದಿರಲಿಲ್ಲ. ಅದೇ ಕಲಂ ತಂದೆಯನ್ನು ಮೊದಲ ಪಾಲಕನೆಂದು, ಅವನ ನಂತರ ತಾಯಿ ಎಂದು ಹೇಳುವುದು ನಿಜ. ಆದರೆ ಆ 'ನಂತರ' ಎಂಬುದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಅವನು ಬದುಕಿರುವಾಗಲೂ ತಾಯಿ ಪಾಲಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇವೆಲ್ಲಕ್ಕೂ ಮೇಲೆ 13ನೇ ಕಲಂ ಇದೆ. ತಂದೆಯ ಹಕ್ಕು, ತಾಯಿಯ ಹಕ್ಕು ಎಂಬುದಕ್ಕಿಂತ ಮಗುವಿನ ಹಿತವೇ ಮುಖ್ಯ ಎಂಬುದು ಅದರ ಸಾರ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 21ನೇ ಕಲಂ ಪ್ರಕಾರ, ರಕ್ಷಣೆ ಕೇಳಿ ಬಂದ ತಾಯಿಗೆ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನು ಮ್ಯಾಜಿಸ್ಟ್ರೇಟರು ಕೊಡಬಹುದು. ತಂದೆ ಮಗುವನ್ನು ಯಾವಾಗ, ಹೇಗೆ ನೋಡಬೇಕೆಂದೂ ಗೊತ್ತುಮಾಡಬಹುದು. ಭೇಟಿಯಿಂದ ಮಗುವಿಗೆ ಕೆಡುಕಾಗುವಂತಿದ್ದರೆ ನಿರಾಕರಿಸಲೂಬಹುದು. ಗಂಡನ ಊರಿನ ಕೋರ್ಟಿಗೇ ಹೋಗಬೇಕೆಂದಿಲ್ಲ. ಆಕೆ ತಾತ್ಕಾಲಿಕವಾಗಿ ಇರುವ ಊರು, ಅಂದರೆ ತವರಿನ ತಾಲ್ಲೂಕಿನಲ್ಲೇ ಅರ್ಜಿ ಹಾಕಬಹುದು. ದುಡಿಮೆಯಿಲ್ಲ ಎಂಬ ಒಂದೇ ಕಾರಣಕ್ಕೆ ತಾಯಿ ಮಕ್ಕಳನ್ನು ಕಳೆದುಕೊಳ್ಳಬೇಕಿಲ್ಲ. ಖರ್ಚಿಗೆ ಕೊಡುವಂತೆ ತಂದೆಗೆ ಆದೇಶಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ವಕೀಲರಿಗೆ ಕೊಡಲು ಹಣವಿಲ್ಲವೆನ್ನುವ ಚಿಂತೆಯೂ ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗಬೇಕೆಂಬುದು 1987ರ ಕಾಯ್ದೆಯ ನಿಯಮ.

ಪಂಚಾಯಿತಿಗಳಲ್ಲಿ ಇನ್ನೊಂದು ಕೆಟ್ಟ ರೂಢಿ ಉಂಟು. ಛಾಪಾ ಕಾಗದದ ಮೇಲೆ 'ಮಕ್ಕಳ ಮೇಲೆ ನನ್ನ ಹಕ್ಕಿಲ್ಲ' ಎಂದು ಬರೆಸಿ ತಾಯಿಯ ಸಹಿ ಹಾಕಿಸುವುದು. ಆ ಕಾಗದಕ್ಕೆ ನ್ಯಾಯಾಲಯ ಕಟ್ಟುಬೀಳುವುದಿಲ್ಲ. ಮಗುವಿನ ಹಿತವನ್ನು ಯಾರೂ ಸಹಿ ಹಾಕಿ ಮಾರಲಾಗದು. ಆದರೆ ಓದುಬರಹ ಬಾರದ ತಾಯಿ ಆ ಕಾಗದಕ್ಕೆ ಹೆದರಿ ಎಷ್ಟೋ ವರ್ಷ ಸುಮ್ಮನಿರುತ್ತಾಳೆ.

"ಸದ್ಯಕ್ಕೆ ನೀನು ಹೊರಟು ಬಾ, ಮಕ್ಕಳನ್ನು ಆಮೇಲೆ ಕರೆತಂದರಾಯಿತು" ಎನ್ನುವ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಈ ಸಲಹೆಯೂ ಅಪಾಯದ್ದೇ. ಮಗು ಒಂದು ಮನೆ, ಒಂದು ಶಾಲೆಗೆ ಹೊಂದಿಕೊಂಡ ಮೇಲೆ ಅಲ್ಲಿಂದ ಕದಲಿಸಲು ನ್ಯಾಯಾಲಯಗಳು ಹಿಂದೆಮುಂದೆ ನೋಡುತ್ತವೆ. ಹೊರಡುವಾಗ ಮಕ್ಕಳನ್ನು ಗಂಡನ ಮನೆಯಲ್ಲೇ ಬಿಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಸಾಧ್ಯವಾದರೆ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಆಧಾರ್, ಆಸ್ಪತ್ರೆಯ ಚೀಟಿಗಳು ಜೊತೆಗಿರಲಿ. ಟಿ.ಸಿ. ಬರುವುದು ತಡವಾಯಿತೆಂದು ಮತ್ತೊಂದು ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮ ವಿದ್ಯಾಪೀಠಗಳ ಮುಖ್ಯೋಪಾಧ್ಯಾಯರೂ ಇದನ್ನು ನೆನಪಿಡಬೇಕು.

ಇನ್ನು ಮನೆತನದ ಕುಡಿ ಎಂಬ ಮಾತು. ಇದನ್ನು ಬಸವತತ್ವದ ವೇದಿಕೆಯ ಮೇಲೆ ಕುಳಿತು ಒಪ್ಪಿಕೊಳ್ಳುವುದು ಹೇಗೆ? ಷಟ್‌ಸ್ಥಲ ಚಕ್ರವರ್ತಿ ಚೆನ್ನಬಸವಣ್ಣನವರನ್ನು ನಾವು ನೆನೆಯುವುದು ಯಾರ ಮಗನೆಂದು? ಅಕ್ಕನಾಗಮ್ಮನ ಮಗನೆಂದು. ತಾಯಿಯ ಆಸರೆಯಲ್ಲಿ, ಸೋದರಮಾವನ ನೆರಳಿನಲ್ಲಿ ಬೆಳೆದ ಆ ಮಗುವಿನ ಮನೆತನ ಯಾವುದೆಂದು ಅನುಭವ ಮಂಟಪ ಕೇಳಲಿಲ್ಲ. ಕುಲ ಕೇಳಬಾರದೆಂದು ಭಾಷಣ ಮಾಡುವ ನಾವು, ಹೊಡೆತ ತಿಂದ ತಾಯಿ ಎದುರಿಗೆ ನಿಂತಾಗ ಮಾತ್ರ ಕುಲದ ಕುಡಿಯ ಲೆಕ್ಕ ತೆಗೆಯುತ್ತೇವೆ. ಕೌಶಿಕನ ಅರಮನೆ ಬಿಟ್ಟು ನಡೆದ ಅಕ್ಕಮಹಾದೇವಿಯ ಜಯಂತಿಯನ್ನು ವರ್ಷಕ್ಕೊಮ್ಮೆ ಮಾಡುತ್ತೇವೆ. ಮನೆ ಬಿಟ್ಟು ಬಂದ ಅಕ್ಕನನ್ನು ಅಮಾವಾಸ್ಯೆಗೊಮ್ಮೆ ಹಿಂದಕ್ಕೆ ಕಳಿಸುತ್ತೇವೆ.

ಮಗುವಿಗೆ ತಂದೆ ಬೇಡವೇ ಎಂದು ಕೆಲವರು ಕೇಳುತ್ತಾರೆ. ಬೇಕು. ತಂದೆಯನ್ನು ನೋಡುವುದು, ಅವನ ಪ್ರೀತಿ ಪಡೆಯುವುದು ಮಗುವಿಗೆ ಸಲ್ಲಬೇಕಾದದ್ದೇ. ತಾಯಿಯೇ ಮಗುವನ್ನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿರುವ ಮನೆಗಳೂ ಇವೆ. ಅಲ್ಲಿ ತಂದೆಯೇ ಆಸರೆ. ಹಾಗಾಗಿ ತಾಯಿಯೇ ಗೆಲ್ಲುತ್ತಾಳೆಂದು ಯಾರಿಗೂ ಮಾತು ಕೊಡಲಾಗದು. ಕೋರ್ಟಿನ ದಾರಿ ಸಲೀಸೂ ಅಲ್ಲ, ವಾಯಿದೆಗಳ ಮೇಲೆ ವಾಯಿದೆ ಬೀಳುತ್ತವೆ. ಆದರೆ ತಾಯಿಯನ್ನು ಹೊಡೆಯುವುದನ್ನು ನೋಡುತ್ತಾ ಬೆಳೆಯುವ ಮಗುವಿಗೂ ಆ ಏಟು ತಾಗುತ್ತದೆ. ಬಾಗಿಲ ಸಂದಿಯಲ್ಲಿ ನಿಂತು ಅಪ್ಪ ಬರುವ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಡುವ ಮಗುವಿಗೆ, ಇದು ತುಂಬಿದ ಸಂಸಾರ ಎಂದು ಹೇಳುವ ಧೈರ್ಯ ನನಗಿಲ್ಲ.

ಮಠಗಳು ಏನು ಮಾಡಬಹುದು? ಸಾಮೂಹಿಕ ಕಲ್ಯಾಣ ಮಹೋತ್ಸವಗಳಲ್ಲಿ ಹೂವು ಹಾಕಿ ಹರಸಿದ ನಾವು, ಆ ಮದುವೆ ಹೊಡೆತಕ್ಕೆ ತಿರುಗಿದಾಗ ಕೈತೊಳೆದುಕೊಳ್ಳುವಂತಿಲ್ಲ. ಪೂಜ್ಯರಲ್ಲಿ, ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟು. ಹೊಡೆತದ ದೂರು ಬಂದಾಗ ಮೊದಲು ಆಕೆಯನ್ನು ಗಂಡನ ಎದುರಿಗಲ್ಲ, ಪ್ರತ್ಯೇಕವಾಗಿ, ಹೆಣ್ಣುಮಕ್ಕಳು ಜೊತೆಗಿದ್ದು ಮಾತಾಡಿಸಬೇಕು. ಮಕ್ಕಳನ್ನು ರಾಜಿಯ ಸರಕು ಮಾಡಬಾರದು. ಮಗುವನ್ನು ಮಠದ ಪ್ರಸಾದನಿಲಯಕ್ಕೆ ಸೇರಿಸಿ ತಾಯಿಯನ್ನು ಅದೇ ಮನೆಗೆ ಅಟ್ಟುವುದು ಪರಿಹಾರವಲ್ಲ. ತಾಯಿ ಬಯಸಿ ಮಗುವನ್ನು ತಂದಾಗ, ತಂದೆಯ ಸಹಿ ಇಲ್ಲವೆಂದು ಬಾಗಿಲು ಹಾಕಲೂಬಾರದು. ಪ್ರತಿ ಮಠದ ದಾಸೋಹ ಭವನದ ಗೋಡೆಯ ಮೇಲೆ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ಕಾನೂನು ನೆರವಿನ 15100 ಎಂಬ ಮೂರು ಸಂಖ್ಯೆಗಳನ್ನು ದೊಡ್ಡದಾಗಿ ಬರೆಸಬೇಕು. ತಾಲ್ಲೂಕಿನ ಸಂರಕ್ಷಣಾಧಿಕಾರಿಯ ಬಳಿಗೆ ಹೋಗಬೇಕಾದ ತಾಯಿಯ ಜೊತೆ ಮಠದ ಒಬ್ಬರು ಹೋಗಬೇಕು. ದಾಸೋಹವೆಂದರೆ ಊಟ ಬಡಿಸುವುದಷ್ಟೇ ಅಲ್ಲವಲ್ಲ.

ಜಾತ್ರೆಯ ಆ ದಿನ ಆಕೆಯ ಕ್ಷಮೆ ಕೇಳಿದೆ. ಆಮೇಲೆ ಕಾನೂನು ಸೇವಾ ಸಮಿತಿಯ ಕಚೇರಿಗೆ ಜೊತೆಯಲ್ಲಿ ಹೋದೆ. ಮೆಟ್ಟಿಲು ಹತ್ತುವ ಮುಂಚೆ ನಿಂತು ಒಂದೇ ಪ್ರಶ್ನೆ ಕೇಳಿದಳು: "ಮಕ್ಕಳು ನನ್ನ ಕಡೆನ ಇರತಾವೇನ್ರಿ?" ಅದನ್ನು ನ್ಯಾಯಾಧೀಶರು ಹೇಳಬೇಕಮ್ಮಾ, ನಾನು ಹೇಳಲಾರೆ ಎಂದೆ. ಬಿಟ್ಟು ಹೋಗು ಎನ್ನುವ ಅಧಿಕಾರ ನಮಗೆ ಅಂದೂ ಇರಲಿಲ್ಲ, ಇಂದೂ ಇಲ್ಲ ಎಂಬುದನ್ನು ಮಾತ್ರ ಹೇಳಿದೆ. ಆಕೆ ತಲೆಯಾಡಿಸಿ ಮೆಟ್ಟಿಲು ಹತ್ತಿದಳು.

ಮುಂದಿನ ಅಮಾವಾಸ್ಯೆಯ ಪಂಚಾಯಿತಿಯಲ್ಲಿ ಕೂರುವವರು ಈ ಮಾತನ್ನು ಮೊದಲೇ ಹೇಳಲಿ. ನನ್ನ ಹಾಗೆ ತಡಮಾಡದಿರಲಿ.