ಮೈ ಕಂಡರೆ ದೂರು, ಕೈ ಕಂಡರೆ ಮೌನ

2024ರ ಅಕ್ಟೋಬರ್‌ನಲ್ಲಿ ಕುಂಬಳಗೋಡು ಪೊಲೀಸರಿಗೆ ಅಪರೂಪದ ಕೆಲಸವೊಂದು ಬಂತು. ಕೆಂಗೇರಿ ದಾಟಿದರೆ ಸಿಗುವ ದೊಡ್ಡ ಆಲದ ಮರದ ಸೀಮೆಯಲ್ಲಿ ಸೆಟ್ ಹಾಕಿಕೊಂಡಿದ್ದ ‘ಬಿಗ್ ಬಾಸ್ ಕನ್ನಡ’ದ ಆಯೋಜಕರಿಗೆ ಅವರು ನೋಟಿಸ್ ಕೊಟ್ಟರು. ಸೆಪ್ಟೆಂಬರ್ 29ರಂದು ಶುರುವಾದ 11ನೇ ಆವೃತ್ತಿಯಲ್ಲಿ ಮನೆಯನ್ನು ಸ್ವರ್ಗ, ನರಕ ಎಂದು ಎರಡಾಗಿ ಸೀಳಲಾಗಿತ್ತು. ನರಕದ ಪಾಲಿಗೆ ಬಂದವರು ಕಂಬಿಗಳ ಹಿಂದೆ ಇರಬೇಕು, ಗಂಜಿ ಕುಡಿಯಬೇಕು, ಶೌಚಾಲಯಕ್ಕೆ ಹೋಗಲೂ ಅಪ್ಪಣೆಗಾಗಿ ಕಾಯಬೇಕು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ದೂರು ರಾಜ್ಯ ಮಹಿಳಾ ಆಯೋಗಕ್ಕೆ ಹೋಯಿತು, ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ತನಿಖೆಗೆ ಪತ್ರ ಬರೆದರು. ಕೆಲವೇ ದಿನಗಳಲ್ಲಿ ನರಕವನ್ನು ಒಡೆದುಹಾಕುವ ದೃಶ್ಯವೂ ಪ್ರಸಾರವಾಯಿತು.

ಈ ಪ್ರಕರಣವನ್ನು ಸುದ್ದಿ ವಾಹಿನಿಗಳು ಎರಡು ದಿನ ಕುದಿಸಿ ಬಿಟ್ಟುಬಿಟ್ಟವು. ನನಗೆ ಅದು ಮುಖ್ಯವಾಗಿ ಕಾಣುವುದು ಬೇರೆ ಕಾರಣಕ್ಕೆ. ಮನರಂಜನಾ ಟಿವಿಯ ಬಗ್ಗೆ ನಮ್ಮಲ್ಲಿ ಏಳುವ ದೂರುಗಳಲ್ಲಿ ಹೆಚ್ಚಿನವು ಬಟ್ಟೆಯ ಅಳತೆಯ ಬಗ್ಗೆ ಇರುತ್ತವೆ. ಇಲ್ಲಿ ಬಟ್ಟೆಯ ಮಾತೇ ಬರಲಿಲ್ಲ. ಒಬ್ಬ ಹೆಣ್ಣುಮಗಳ ದೇಹದ ಮೇಲೆ ಇನ್ನೊಬ್ಬರಿಗೆ ಯಜಮಾನಿಕೆ ಕೊಟ್ಟು, ಅದನ್ನೇ ಆಟವೆಂದು ತೋರಿಸಿದ್ದು ತಪ್ಪು ಎಂದು ಒಂದು ಸರ್ಕಾರಿ ಆಯೋಗ ಹೇಳಿತು. ಕನ್ನಡ ಟಿವಿಯ ಮಟ್ಟಿಗೆ ಇದು ದೊಡ್ಡ ಮಾತು. ಇದೇ ಕಾರ್ಯಕ್ರಮದ 6ನೇ ಆವೃತ್ತಿ ಮುಗಿದ ಮೇಲೆ, 2019ರಲ್ಲಿ, ನಟಿಯೊಬ್ಬರು ಸಹಸ್ಪರ್ಧಿಯ ಕಿರುಕುಳದ ಬಗ್ಗೆ ಇದೇ ಆಯೋಗದ ಬಾಗಿಲಿಗೆ ಹೋಗಿದ್ದರು. ಹೊರಗೆ ಬಂದು ಆಕೆ ದೂರು ಕೊಡುವ ತನಕ ರಾತ್ರಿ ರಾತ್ರಿ ಕಾರ್ಯಕ್ರಮ ನೋಡುತ್ತಿದ್ದ ನಾವೆಲ್ಲ ಏನು ಮಾಡುತ್ತಿದ್ದೆವು?

ಮೈ ಕಂಡಾಗ ನಾವು ಹೇಗೆ ಎದ್ದು ನಿಲ್ಲುತ್ತೇವೆ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿಯಿದೆ. 1996ರ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಿಂದ ವಿಶ್ವಸುಂದರಿ ಸ್ಪರ್ಧೆ ಜಗತ್ತಿನ ಟಿವಿಗಳಿಗೆ ಪ್ರಸಾರವಾದಾಗ ಬೆಂಗಳೂರು ಪೊಲೀಸ್ ಕೋಟೆಯಾಗಿತ್ತು. ರೈತ ಸಂಘದಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ ವಿರೋಧ, ಆತ್ಮಾಹುತಿಯ ಬೆದರಿಕೆ. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೇ ಸಾಗಿಸಿದರು. ಆ ವಿರೋಧದೊಳಗೆ ಮಾರುಕಟ್ಟೆಯ ಬಗ್ಗೆ, ಹೆಣ್ಣನ್ನು ಸರಕಾಗಿ ಕಾಣುವುದರ ಬಗ್ಗೆ ಗಟ್ಟಿಯಾದ ವಾದಗಳಿದ್ದವು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಈಜುಡುಗೆಯೊಂದೇ.

2017ರ ಜುಲೈನ ‘ದಂಡುಪಾಳ್ಯ 2’ ಪ್ರಸಂಗ ಇನ್ನೂ ಕಣ್ಣು ತೆರೆಸುವಂಥದ್ದು. ಪೊಲೀಸ್ ಠಾಣೆಯೊಳಗೆ ಹೆಂಗಸೊಬ್ಬಳನ್ನು ಬೆತ್ತಲೆ ಮಾಡಿ ಹಿಂಸಿಸುವ ದೃಶ್ಯ ಅದು. ಸೆನ್ಸಾರ್ ಮಂಡಳಿ ಕತ್ತರಿಸಿದ್ದ ತುಣುಕು ಮೊಬೈಲ್‌ಗಳಿಗೆ ಸೋರಿತು. ವಾಹಿನಿಗಳು ಅದನ್ನು ಮಸುಕು ಮಾಡಿ ಮತ್ತೆ ಮತ್ತೆ ಓಡಿಸುತ್ತಾ ಚರ್ಚೆ ಏರ್ಪಡಿಸಿದವು. ಚರ್ಚೆಯ ವಿಷಯ ಯಾವುದು? ನಟಿ ಸಂಜನಾ ನಿಜಕ್ಕೂ ಬೆತ್ತಲಾಗಿದ್ದರೋ ಇಲ್ಲವೋ! ಇಲ್ಲ ಎಂದು ಅವರು ಸ್ಪಷ್ಟನೆ ಕೊಡಬೇಕಾಯಿತು. ಠಾಣೆಯಲ್ಲಿ ಒಬ್ಬಳ ಬಟ್ಟೆ ಕಳಚುವ ಸಮವಸ್ತ್ರದ ಕೈ ಅದೇ ದೃಶ್ಯದಲ್ಲಿ ಇತ್ತು. ಕಸ್ಟಡಿಯಲ್ಲಿ ನಡೆಯುವ ಹಿಂಸೆಯ ಬಗ್ಗೆ, ಆ ದೃಶ್ಯ ಅದನ್ನು ಖಂಡಿಸುತ್ತದೆಯೋ ಚಪ್ಪರಿಸುತ್ತದೆಯೋ ಎಂಬುದರ ಬಗ್ಗೆ ಯಾವ ಸ್ಟುಡಿಯೊದಲ್ಲೂ ಗಂಭೀರ ಮಾತು ನಡೆದದ್ದು ನನ್ನ ಗಮನಕ್ಕೆ ಬರಲಿಲ್ಲ. ವಿವರಣೆ ಕೊಡುವ ಹೊಣೆ ಬಿದ್ದದ್ದು ಹೆಣ್ಣಿನ ಮೇಲೆ.

ಇದು ನಮ್ಮೊಬ್ಬರ ರೋಗವೇನಲ್ಲ. 2004ರ ಫೆಬ್ರುವರಿ 1ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ಸೂಪರ್ ಬೌಲ್ ಪಂದ್ಯದ ವಿರಾಮದ ಹಾಡಿನಲ್ಲಿ ಜಸ್ಟಿನ್ ಟಿಂಬರ್‌ಲೇಕ್ ಎಂಬ ಗಾಯಕ ಜಾನೆಟ್ ಜಾಕ್ಸನ್ ಅವರ ರವಿಕೆಯ ಒಂದು ಭಾಗವನ್ನು ಕಿತ್ತರು. ಕ್ಷಣಾರ್ಧ, ಒಂದು ಮೊಲೆ ಕಂಡಿತು. ಪ್ರಸಾರ ನಿಯಂತ್ರಣ ಆಯೋಗಕ್ಕೆ 5 ಲಕ್ಷಕ್ಕೂ ಮೀರಿ ದೂರು ಬಂದವು. ಸಿಬಿಎಸ್ ವಾಹಿನಿಗೆ 5.5 ಲಕ್ಷ ಡಾಲರ್ ದಂಡ ಬಿತ್ತು. ವರ್ಷಗಳ ನಂತರ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆ ಪಂದ್ಯದ ಮುಂದಿನ ವಾರವೇ ಅದೇ ವಾಹಿನಿಯ ಗ್ರ್ಯಾಮಿ ಸಮಾರಂಭದಲ್ಲಿ ಟಿಂಬರ್‌ಲೇಕ್ ಪ್ರಶಸ್ತಿ ಪಡೆದರು, ಜಾನೆಟ್ ಅಲ್ಲಿರಲಿಲ್ಲ. 2018ರಲ್ಲಿ ಅದೇ ಸೂಪರ್ ಬೌಲ್ ವೇದಿಕೆಗೆ ಟಿಂಬರ್‌ಲೇಕ್ ಅವರನ್ನು ಮತ್ತೆ ಕರೆದರು. ಜಾನೆಟ್ ಅವರ ಕ್ಷಮೆ ಕೇಳಲು ಆ ಮನುಷ್ಯನಿಗೆ 2021ರವರೆಗೆ ಸಮಯ ಹಿಡಿಯಿತು. ಕಂಡ ಮೈಗೆ ಶಿಕ್ಷೆಯಾಯಿತು, ಕಿತ್ತ ಕೈ ಪಾರಾಯಿತು.

ನಮ್ಮ ಮನೆಗಳ ನಡುಮನೆಗೆ ಬರೋಣ. ಬಸವೇಶ್ವರನಗರದ ಬಂಧುಗಳ ಮನೆಯಲ್ಲಿ ರಾತ್ರಿ ಊಟ ಟಿವಿ ಮುಂದೆಯೇ. ಒಳ ಉಡುಪಿನ ಜಾಹೀರಾತು ಬಂದರೆ ತಾತ ಕೆಮ್ಮುತ್ತಾರೆ, ಮಗ ರಿಮೋಟ್ ತಡಕಾಡುತ್ತಾನೆ. ಸ್ಯಾನಿಟರಿ ಪ್ಯಾಡಿನ ಜಾಹೀರಾತಿಗೂ ಅದೇ ಗತಿ. ಜಾಹೀರಾತು ಮುಗಿದು ಧಾರಾವಾಹಿ ಬರುತ್ತದೆ. ಮದುವೆ ಮಂಟಪ, ರೇಷ್ಮೆ ಸೀರೆ, ಮಲ್ಲಿಗೆ ದಿಂಡು, ಹಸಿ ಅರಿಸಿನ. ನಾಯಕ ನುಗ್ಗಿ ಬರುತ್ತಾನೆ, ಬೇಡವೆಂದು ಅಳುತ್ತಿರುವ ಹುಡುಗಿಯ ರಟ್ಟೆ ಹಿಡಿದು ಎಳೆಯುತ್ತಾನೆ, ಎಲ್ಲರೂ ನೋಡುತ್ತಿರುವಾಗ ಕೊರಳಿಗೆ ತಾಳಿ ಬಿಗಿಯುತ್ತಾನೆ. ಆ ಗಂಟನ್ನು ಕ್ಯಾಮೆರಾ ಮೂರು ಸಲ, ಮೂರು ಕೋನದಿಂದ, ಗುಡುಗಿನ ಸದ್ದಿನೊಂದಿಗೆ ತೋರಿಸುತ್ತದೆ. ಈಗ ರಿಮೋಟ್ ಕಡೆ ಯಾರ ಕೈಯೂ ಹೋಗುವುದಿಲ್ಲ. ‘ಅಯ್ಯೋ, ಕಟ್ಟೇಬಿಟ್ನಲ್ಲಮ್ಮ’ ಎನ್ನುತ್ತಾರೆ ಅಜ್ಜಿ. ‘ಅವಳಿಗೆ ಇಷ್ಟ ಇಲ್ವಲ್ಲಜ್ಜಿ?’ ಎಂದು ಒಂಬತ್ತನೇ ಕ್ಲಾಸಿನ ಮೊಮ್ಮಗಳು ಕೇಳಿದರೆ, ‘ಆಮೇಲೆ ಸರಿಹೋಗ್ತಾರೆ ಬಿಡೆ’ ಎಂಬ ಉತ್ತರ.

ಸರಿಹೋಗುತ್ತಾರೆ, ಏಕೆಂದರೆ ಕಥೆ ಹಾಗೆಯೇ ಬರೆದಿರುತ್ತದೆ. ಮುಂದಿನ ನೂರು ಕಂತುಗಳಲ್ಲಿ ಆ ಹುಡುಗ ಎಷ್ಟು ಒಳ್ಳೆಯವನು, ಅವನ ಸಿಟ್ಟಿನ ಹಿಂದೆ ಎಂಥ ನೋವಿದೆ ಎಂದು ನಮಗೆ ಮನವರಿಕೆ ಮಾಡಿಸುತ್ತಾರೆ. ಹುಡುಗಿ ಅವನ ಕೋಣೆಯಲ್ಲಿ ಮಲಗಬೇಕು, ಅವನ ಹೆಸರಿನ ಕುಂಕುಮ ಇಡಬೇಕು, ಕೊನೆಗೆ ಅವನನ್ನು ಪ್ರೀತಿಸಬೇಕು. ಒಂದು ಇಂಚು ಮೈ ಕಾಣದ ಈ ದೃಶ್ಯಗಳಲ್ಲಿ ಇರುವುದು ಲೈಂಗಿಕ ಬಲಾತ್ಕಾರದ ಮುನ್ಸೂಚನೆಯೇ. ಅದಕ್ಕೆ ಅರಿಸಿನ ಹಚ್ಚಿರುವುದರಿಂದ ನಮಗೆ ಕಾಣುವುದಿಲ್ಲ. ಕೆಂಗೇರಿ, ರಾಜರಾಜೇಶ್ವರಿ ನಗರದ ಬಾಡಿಗೆ ಬಂಗಲೆಗಳಲ್ಲಿ ಚಿತ್ರೀಕರಣವಾಗಿ, ಅಲ್ಲಿಂದ ನಾಲ್ಕು ಮೈಲಿ ದೂರದ ಮನೆಗಳಲ್ಲಿ ಊಟದ ಹೊತ್ತಿಗೆ ಬಡಿಸಲ್ಪಡುವ ಈ ಹಿಂಸೆಯ ವಿರುದ್ಧ ವಿಜಯನಗರದ ಯಾವ ವೃತ್ತದಲ್ಲೂ ಯಾರೂ ಧರಣಿ ಕೂತದ್ದನ್ನು ನಾನು ಕಂಡಿಲ್ಲ.

ನಮಗೆ ಇದನ್ನು ಗುರುತಿಸುವ ಕಣ್ಣೇ ಇಲ್ಲವೆಂದರೆ ಸುಳ್ಳಾಗುತ್ತದೆ. ಮಾಗಡಿ ರಸ್ತೆಯ ಆಚೀಚಿನ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ ಆಡುವ ‘ಕುರುಕ್ಷೇತ್ರ’ ನಾಟಕ ನೋಡಿ. ದುಶ್ಶಾಸನ ದ್ರೌಪದಿಯ ಮುಡಿ ಹಿಡಿದು ಸಭೆಗೆ ಎಳೆದು ತರುವಾಗ ಚಾಪೆ ಹಾಸಿಕೊಂಡು ಕೂತ ಹೆಂಗಸರು ಬೈಯುವುದು ಅವನನ್ನು. ದ್ರೌಪದಿಯ ಸೆರಗು ಎಲ್ಲಿತ್ತು ಎಂದು ಯಾರೂ ಕೇಳುವುದಿಲ್ಲ. ತಲೆತಗ್ಗಿಸಿ ಕೂತ ಭೀಷ್ಮ, ದ್ರೋಣರ ಮೇಲೂ ಅವರಿಗೆ ಸಿಟ್ಟಿದೆ. ರನ್ನನ ‘ಗದಾಯುದ್ಧ’ದಲ್ಲಿ ಭೀಮನ ಛಲವನ್ನು ಕೊನೆಯವರೆಗೂ ಉರಿಸುವುದು ಆ ಎಳೆದ ಮುಡಿ. ಬಟ್ಟೆ ಕಳಚಿದ ದೃಶ್ಯದಲ್ಲಿ ಕೈಯನ್ನು ನೋಡಬೇಕು ಎಂಬುದನ್ನು ಕನ್ನಡಿಗರು ಸಾವಿರ ವರ್ಷದ ಹಿಂದೆಯೇ ಅರಿತಿದ್ದರು.

ಸುಪ್ರೀಂ ಕೋರ್ಟ್ ಕೂಡ ಅಲ್ಲಿಗೇ ಬಂದು ನಿಂತಿತು. ‘ಬ್ಯಾಂಡಿಟ್ ಕ್ವೀನ್’ ಚಿತ್ರದಲ್ಲಿ ಫೂಲನ್ ದೇವಿಯನ್ನು ಊರ ಮುಂದೆ ಬೆತ್ತಲೆ ಮಾಡುವ ದೃಶ್ಯ ಅಶ್ಲೀಲವಲ್ಲ, ಅದು ಆ ಕೃತ್ಯ ಎಸಗಿದವರ ಮೇಲೆ ಹೇಸಿಗೆ ಹುಟ್ಟಿಸುತ್ತದೆ ಎಂದು 1996ರಲ್ಲೇ ಹೇಳಿತು. ನಗ್ನತೆಯಿದ್ದ ಮಾತ್ರಕ್ಕೆ ಚಿತ್ರವೊಂದು ಅಶ್ಲೀಲವಾಗದು ಎಂದು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಪರಾಧ ಕಾನೂನಿನ 2013ರ ತಿದ್ದುಪಡಿಯಿಂದ ಹೆಣ್ಣಿನ ಬಟ್ಟೆ ಕಳಚಲು ಬಲಪ್ರಯೋಗ ಮಾಡುವುದು ಮೂರರಿಂದ ಏಳು ವರ್ಷ ಜೈಲಿನ ಪ್ರತ್ಯೇಕ ಅಪರಾಧವಾಗಿದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 76ನೇ ಕಲಂ. ಹಿಂದಟ್ಟುವುದು 78ನೇ ಕಲಂ. ಅಪರಾಧ ಕಾನೂನಿಗೆ ಮೈ ಬೇರೆ, ಕೈ ಬೇರೆ ಎಂದು ಗೊತ್ತಿದೆ.

ಟಿವಿಯನ್ನು ಆಳುವ ನಿಯಮಕ್ಕೆ ಗೊತ್ತಿಲ್ಲ. ಕೇಬಲ್ ಟೆಲಿವಿಷನ್ ನಿಯಮಗಳು 1994ರವು, ಅದರ ಆರನೇ ನಿಯಮವೇ ಕಾರ್ಯಕ್ರಮ ಸಂಹಿತೆ. ಸದಭಿರುಚಿಗೆ ಧಕ್ಕೆ, ಅಶ್ಲೀಲತೆ, ಹೆಣ್ಣಿನ ಆಕೃತಿಯನ್ನು ಅಥವಾ ದೇಹದ ಭಾಗವನ್ನು ಅಸಭ್ಯವಾಗಿ ತೋರಿಸುವುದು, ಎಲ್ಲವೂ ಅಲ್ಲಿವೆ. ಹಿಂಸೆಗೆ ಪ್ರಚೋದನೆಯೂ ಇದೆ. ಒಪ್ಪಿಗೆ ಎಂಬ ಮಾತು ಮಾತ್ರ ಇಲ್ಲ. ಬಲವಂತವನ್ನು ಪ್ರೇಮವೆಂದು ತೋರಿಸಬಾರದು ಎಂದು ಯಾವ ಉಪನಿಯಮವೂ ಹೇಳುವುದಿಲ್ಲ. ಹಾಗಾಗಿ ದೂರು ಕೊಡುವವರೂ ಆ ಸಂಹಿತೆಯ ಭಾಷೆಯಲ್ಲೇ ಯೋಚಿಸುತ್ತಾರೆ, ವಾಹಿನಿಗಳೂ ಸೆರಗು ಸರಿಪಡಿಸಿ ಪಾರಾಗುತ್ತವೆ.

ನಿಷೇಧ ನನ್ನ ಬೇಡಿಕೆಯಲ್ಲ. 2010ರ ನವೆಂಬರ್‌ನಲ್ಲಿ ಹಿಂದಿ ‘ಬಿಗ್ ಬಾಸ್’ ರಾತ್ರಿ 11ರ ನಂತರವಷ್ಟೇ ಬರಬೇಕೆಂದು ಕೇಂದ್ರ ವಾರ್ತಾ ಸಚಿವಾಲಯ ಆದೇಶಿಸಿತು, ವಾಹಿನಿ ಬಾಂಬೆ ಹೈಕೋರ್ಟಿಗೆ ಹೋಗಿ ತಡೆ ತಂದಿತು. ಹೊತ್ತು ಬದಲಿಸಿದರೆ ದೃಶ್ಯ ಬದಲಾಗದು. ಹಿಂಸೆಯನ್ನು ತೋರಿಸಲೇಬಾರದು ಎಂದರೆ ಹಿಂಸೆಯ ವಿರುದ್ಧ ಕಥೆ ಬರೆಯುವವರ ಕೈಯನ್ನೂ ಕಟ್ಟಿಹಾಕಿದಂತೆ. ಬಲವಂತದ ತಾಳಿಯನ್ನು ತೋರಿಸಲಿ; ಆಮೇಲಿನ ಕಂತಿನಲ್ಲಿ ಆ ಹುಡುಗಿ ಠಾಣೆಯ ಮೆಟ್ಟಿಲು ಹತ್ತಲಿ, ತವರಿಗೆ ವಾಪಸಾಗಲಿ, ತಾಳಿ ತೆಗೆದಿಡಲಿ. ‘ಜನ ಇದನ್ನೇ ಕೇಳುತ್ತಾರೆ’ ಎನ್ನುವ ವಾಹಿನಿಗಳ ಮಾತನ್ನು ನಾನು ನಂಬುವುದಿಲ್ಲ. ಆ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದ್ದು ಬೇರೆಯದೇ ಪ್ರಶ್ನೆ.

ನೋಡುಗರ ಕೈಯಲ್ಲೂ ದಾರಿಯಿದೆ, ಬಳಸುವವರು ಕಡಿಮೆ. ಕೇಬಲ್ ನಿಯಮಗಳ 2021ರ ಜೂನ್ ತಿದ್ದುಪಡಿಯಂತೆ ಮೊದಲು ವಾಹಿನಿಗೇ ದೂರು ಕೊಡಬೇಕು. 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ. ಒಪ್ಪಿಗೆಯಾಗದಿದ್ದರೆ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಮನರಂಜನಾ ವಾಹಿನಿಗಳಿಗೆ 2011ರಿಂದ ಇರುವ ಬಿಸಿಸಿಸಿ ಅಂಥದ್ದು. ಅದರ ಮೇಲೆ ಕೇಂದ್ರದ ಅಂತರ ಇಲಾಖಾ ಸಮಿತಿ. ಠಾಣೆಗೆ, ಸಾಮಾಜಿಕ ಜಾಲತಾಣಗಳಿಗೆ ಓಡುವ ಮೊದಲು ಈ ಮೆಟ್ಟಿಲು ಹತ್ತಬೇಕು. ದೂರಿನಲ್ಲಿ ಕಾರ್ಯಕ್ರಮದ ಹೆಸರು, ಪ್ರಸಾರದ ದಿನ, ಹೊತ್ತು ಬರೆಯಿರಿ. ಯಾರು ಯಾರನ್ನು ಎಳೆದರು, ಆಕೆ ಬೇಡವೆಂದದ್ದು ಕೇಳಿಸಿತೇ, ಆಮೇಲೆ ಕಥೆ ಆ ಕೃತ್ಯವನ್ನು ಹೊಗಳಿತೇ ಖಂಡಿಸಿತೇ ಎಂದು ಬರೆಯಿರಿ. ಸೀರೆಯ ವಿವರ ಬೇಕಿಲ್ಲ.

ಮಹಿಳಾ ಆಯೋಗ 2024ರಲ್ಲಿ ಹಿಡಿದ ಎಳೆಯನ್ನು ಒಂದೇ ಕಾರ್ಯಕ್ರಮಕ್ಕೆ ನಿಲ್ಲಿಸಬಾರದು. ಸಂಜೆ ಆರರಿಂದ ರಾತ್ರಿ ಹತ್ತೂವರೆಯವರೆಗಿನ ಕನ್ನಡ ಧಾರಾವಾಹಿಗಳನ್ನು ಒಂದು ತಿಂಗಳು ಕೂತು ನೋಡಿ, ಬಲವಂತದ ದೃಶ್ಯಗಳನ್ನೂ ಆಮೇಲೆ ಕಥೆ ತೆಗೆದುಕೊಂಡ ತಿರುವನ್ನೂ ಪಟ್ಟಿ ಮಾಡಿ ಸಾರ್ವಜನಿಕರ ಮುಂದೆ ಇಡಲಿ. ಆ ಪಟ್ಟಿಯನ್ನು ಹಿಡಿದು ಚಿತ್ರಕಥೆ ಬರೆಯುವವರನ್ನು, ನಿರ್ದೇಶಕರನ್ನು, ದಿನಗೂಲಿಯ ಒತ್ತಡದಲ್ಲಿ ಅಂಥ ದೃಶ್ಯಗಳಲ್ಲಿ ಅಭಿನಯಿಸಬೇಕಾದ ಹುಡುಗಿಯರನ್ನು ಮಾತಿಗೆ ಕರೆಯಲಿ. ಕಾರ್ಯಕ್ರಮ ಸಂಹಿತೆಗೆ ಒಪ್ಪಿಗೆಯ ಉಪನಿಯಮವೊಂದನ್ನು ಸೇರಿಸುವಂತೆ ಕೇಂದ್ರಕ್ಕೆ ಬರೆಯುವಾಗ ಆಯೋಗದ ಬಳಿ ಇಂಥದೊಂದು ಕಡತ ಇರಬೇಕು.